ಬೆವರಿದ ಗೋಡೆ

“ಗುರುಗಳೇ, ಮನೆ ಕೊಳ್ಳಲು ಹೋದವನು ಮೊದಲು ಏನನ್ನು ನೋಡಬೇಕು?”

ಕೇಳಿದವನು ಹಾಲಪ್ಪ. ಗುಡ್ಡದ ಮೇಲಿನ ಮಠಕ್ಕೆ ಹುಣ್ಣಿಮೆ ಹುಣ್ಣಿಮೆಗೆ ಬಂದು ಹೋಗುವ ಗೃಹಸ್ಥ ಶಿಷ್ಯ. ಪೇಟೆಯಲ್ಲಿ ಅವನಿಗೆ ಯಾರೋ ಒಂದು ಮನೆ ತೋರಿಸಿದ್ದರು. ಮಾರುವವರು ಅವಸರ ಮಾಡುತ್ತಿದ್ದರು. ಅವರ ಅವಸರವೇ ಅವನಲ್ಲಿ ಅನುಮಾನ ಹುಟ್ಟಿಸಿತ್ತು.

ಗುರುಗಳು ಅವನ ಹಿಂದಿನ ಬಾಗಿಲ ಕಡೆ ನೋಡಿದರು.

“ನೀಲಮ್ಮ ಬರಲಿಲ್ಲವೆ?”

“ಹೊರಟಿದ್ದಳು. ಗುಡ್ಡದ ಬುಡದವರೆಗೂ ಜೊತೆಗೇ ಬಂದಳು. ‘ಯಾಕೋ ಮೆಟ್ಟಿಲು ಜಾಸ್ತಿಯಾದವು, ನೀವು ಹೋಗಿ ಬನ್ನಿ’ ಎಂದು ಅರಳಿಕಟ್ಟೆಯ ಮೇಲೆ ಕೂತುಬಿಟ್ಟಳು. ನನ್ನ ಹೆಂಡತಿಯದು ಯಾವಾಗಲೂ ಒಂದು ತಮಾಷೆ.” ಹಾಲಪ್ಪ ನಕ್ಕ. “ಮನೆಯ ವಿಷಯ ಹೇಳಿ ಗುರುಗಳೇ. ಮೇಲೆ ಸುಣ್ಣ ಬಳಿದುಬಿಟ್ಟರೆ ಒಳಗೆ ಏನಿದೆ ಎಂದು ನಮಗೆ ಹೇಗೆ ತಿಳಿಯಬೇಕು?”

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹಳೆಯ ಪಾತ್ರೆಗಳನ್ನು ಕೊಂಡು, ಸರಿಮಾಡಿಸಿ, ಮಾರುವುದು ಅವನ ಕಸುಬು. ಒಡಕು ಪಾತ್ರೆಯನ್ನು ಅವನಿಗೆ ದಾಟಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಕಂಚಿನ ತಟ್ಟೆಯನ್ನು ಬೆರಳ ತುದಿಯ ಮೇಲಿಟ್ಟು, ಇನ್ನೊಂದು ಕೈಯ ಗೆಣ್ಣಿನಿಂದ ಬಡಿದು, ಕಿವಿಗೊಡುತ್ತಿದ್ದ. ದನಿ ಉದ್ದಕ್ಕೆ ಹೋದರೆ ಕೊಳ್ಳುತ್ತಿದ್ದ. ನಡುವೆ ನಿಂತರೆ ಹಿಂದಕ್ಕೆ ಕೊಡುತ್ತಿದ್ದ. ಹಳೆಯ ಹಿತ್ತಾಳೆ ತಪ್ಪಲೆಗೆ ಹೊಸ ಕಲಾಯಿ ಹಾಕಿಸಿ ತಂದರೆ, ಹೊಳಪಿನ ಕಡೆ ನೋಡದೆ ಒಳಗೆ ಬೆರಳಾಡಿಸುತ್ತಿದ್ದ. ಬೆಸುಗೆ ಹಾಕಿದ ಜಾಗ ಬೆರಳಿಗೆ ಸಿಕ್ಕುತ್ತಿತ್ತು. ಮೋಸ ಹೋಗದವನು ಎಂದು ಪೇಟೆಯಲ್ಲಿ ಅವನಿಗೆ ಹೆಸರಿತ್ತು. ಆ ಹೆಸರು ಅವನಿಗೆ ಇಷ್ಟವಾಗಿತ್ತು.

ಅವನಿಗೆ ಹೆಂಡತಿ ಇದ್ದಳು. ಮಕ್ಕಳಿರಲಿಲ್ಲ. ಮದುವೆಯಾದಾಗಿನಿಂದ ಅವರು ಬಾಡಿಗೆ ಮನೆಯಲ್ಲಿದ್ದರು. ಮನೆಯ ಯಜಮಾನ ಕೆಟ್ಟವನಲ್ಲ. ಆದರೆ ಗೋಡೆಗೆ ಮೊಳೆ ಹೊಡೆಯಕೂಡದು ಎನ್ನುವುದು ಅವನ ಕಟ್ಟಳೆ. ಅವಳ ತವರಿನಿಂದ ಬಂದ ಒಂದು ಕನ್ನಡಿ ಇತ್ತು, ಮರದ ಚೌಕಟ್ಟಿನದು. ಅದು ಅಷ್ಟೂ ವರ್ಷ ನೆಲದ ಮೇಲೆ, ಗೋಡೆಗೆ ಒರಗಿಕೊಂಡೇ ಇತ್ತು. ತಲೆ ಬಾಚಬೇಕಾದರೆ ಅವಳು ನೆಲದ ಮೇಲೆ ಕೂರಬೇಕಾಗಿತ್ತು.

ಅವಳು ಗಂಡನನ್ನು ಏನನ್ನೂ ಕೇಳಿದವಳಲ್ಲ. ಒಂದು ಸಲ ಮಾತ್ರ ಕೇಳಿದಳು.

“ಯಾರ ಅಪ್ಪಣೆಯೂ ಇಲ್ಲದೆ ಒಂದು ಮೊಳೆ ಹೊಡೆಯುವಂಥ ಮನೆ ಬೇಕು. ನಾನು ನಿಂತುಕೊಂಡು ತಲೆ ಬಾಚಬೇಕು.”

ವ್ಯಾಪಾರಿ ಒಪ್ಪಿದ. ಅಂದಿನಿಂದ ಇಬ್ಬರೂ ಮನೆ ನೋಡಲು ಹೊರಟರು.

ಪಾತ್ರೆ ನೋಡುವ ಹಾಗೆಯೇ ಅವನು ಮನೆ ನೋಡಿದ. ಗೋಡೆಗಳನ್ನು ಗೆಣ್ಣಿನಿಂದ ಬಡಿದು ಕಿವಿಯಿಟ್ಟ. ನಾಲ್ಕು ಗೋಡೆಗಳಲ್ಲಿ ಒಂದಕ್ಕೆ ಮಾತ್ರ ಹೊಸ ಸುಣ್ಣವಿದ್ದರೆ ಅದರ ಮುಂದೆಯೇ ಹೆಚ್ಚು ಹೊತ್ತು ನಿಂತ. ಬಾಗಿಲನ್ನು ಅರ್ಧ ತೆರೆದು ಕೈಬಿಟ್ಟ. ಬಾಗಿಲು ತಾನಾಗಿ ಸರಿದರೆ ಅಡಿಪಾಯ ಒಂದು ಕಡೆ ಕೂತಿದೆ ಎಂದು ತಿಳಿದ. ಲೋಟದ ನೀರನ್ನು ನೆಲಕ್ಕೆ ಚೆಲ್ಲಿ ಅದು ಯಾವ ಮೂಲೆಗೆ ಹರಿಯುತ್ತದೆ ಎಂದು ನೋಡಿದ. ನಡುಮಧ್ಯಾಹ್ನ ಧೂಪ ಹಾಕಿದ್ದರೆ, ಹೊಗೆ ಇಳಿದು ಮನೆಯ ಸ್ವಂತ ವಾಸನೆ ಮೂಗಿಗೆ ಬರುವವರೆಗೂ ಲೋಕಾಭಿರಾಮವಾಗಿ ಮಾತಾಡುತ್ತ ಕೂತ. ಮನೆಯ ಯಜಮಾನ ನಿಂತ ಜಾಗ ಬಿಟ್ಟು ಕದಲದಿದ್ದರೆ ಕುಡಿಯಲು ನೀರು ಕೇಳಿದ. ಯಜಮಾನ ನೀರಿಗೆ ಹೋದಾಗ ಅವನು ನಿಂತಿದ್ದ ಜಾಗದ ಚಾಪೆ ಎತ್ತಿ ನೋಡಿದ.

“ಇದು ಒಳ್ಳೆಯ ಉಪಾಯ” ಎಂದ ಹಾಲಪ್ಪ.

ಒಳ್ಳೆಯ ಉಪಾಯವೇ, ಎಂದು ಗುರುಗಳು ಮುಂದುವರಿಸಿದರು.

ಮೊದಲು ನೋಡಿದ ಮನೆಯಲ್ಲಿ ಎಲ್ಲವೂ ಸರಿಯಾಗಿರುವಂತೆ ಕಂಡಿತು. ಹೊರಗೆ ಬರುವಾಗ ಹೆಂಡತಿ ಹೊಸ್ತಿಲಲ್ಲಿ ಎಡವಿದಳು. ಬಾಗಿಲುವಾಡ ಹಿಡಿದು ನಿಂತಳು. “ಹೊಸ್ತಿಲು ಎತ್ತರವಾಯಿತು” ಎಂದಳು. ವ್ಯಾಪಾರಿ ಬಗ್ಗಿ ನೋಡಿದ. ಹೊಸ್ತಿಲು ನಿಜವಾಗಿಯೂ ಎತ್ತರವಿತ್ತು. ಹಳೆಯ ಹೊಸ್ತಿಲ ಮೇಲೆ ಹೊಸ ಮರ ಕೂರಿಸಿ ಅರಿಸಿನ ಬಳಿದಿದ್ದರು. ಅವನು ಕೆಳಗಿನ ಮರವನ್ನು ಉಗುರಿನಿಂದ ಕೆದಕಿದ. ಅದು ಪುಡಿಪುಡಿಯಾಗಿ ಉದುರಿತು. ಒಳಗೆಲ್ಲ ಗೆದ್ದಲು ತಿಂದಿತ್ತು.

ದಾರಿಯಲ್ಲಿ ಅವನು ಹೆಂಡತಿಗೆ ಹೇಳಿದ. “ನನ್ನ ಕಿವಿಗಿಂತ ನಿನ್ನ ಕಣ್ಣು ಚುರುಕು.”

“ನಾನೇನು ನೋಡಿದೆ? ಎಡವಿದೆ, ಅಷ್ಟೆ” ಎಂದು ಅವಳು ನಕ್ಕಳು.

ಮುಂದಿನ ಮನೆಯಲ್ಲಿ ಬಾವಿ ಇತ್ತು. ಅವಳು ತಾನೇ ಕೊಡ ಇಳಿಬಿಟ್ಟು ನೀರು ಸೇದಲು ನೋಡಿದಳು. ಕೊಡ ಅರ್ಧಕ್ಕೆ ಬಂದಾಗ ಹಗ್ಗವನ್ನು ಗಂಡನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಕೂತಳು. “ಬಾವಿ ಬಹಳ ಆಳ. ನನ್ನಿಂದಾಗುವುದಿಲ್ಲ” ಎಂದಳು. ವ್ಯಾಪಾರಿ ಬಾವಿಯೊಳಕ್ಕೆ ಬಗ್ಗಿದ. ಕಲ್ಲುಗಳ ಮೇಲೆ ಹಳೆಯ ನೀರಿನ ಗುರುತುಗಳು ಒಂದರ ಕೆಳಗೊಂದು ಇದ್ದವು. ನೀರು ವರ್ಷವರ್ಷಕ್ಕೂ ಇಳಿಯುತ್ತಿತ್ತು. ಇನ್ನು ಕೆಲವು ಬೇಸಿಗೆ ಕಳೆದರೆ ಬಾವಿ ಬತ್ತುವುದು ಖಂಡಿತ. ಹಾಗೆಂದು ಮನೆಯ ಯಜಮಾನನಿಗೆ ಹೇಳಿದ. ಯಜಮಾನನಿಗೆ ಸಿಟ್ಟು ಬಂತು.

“ನಿಮ್ಮ ಹೆಂಡತಿಯನ್ನು ಕರೆದುಕೊಂಡು ಬಂದರೆ ಅರಮನೆಯೂ ಮಾರಾಟವಾಗುವುದಿಲ್ಲ, ಹೋಗಿ.”

ವ್ಯಾಪಾರಿ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡ. ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸಿದ.

ಆಮೇಲೆ ನೋಡಿದ್ದು ದೊಡ್ಡ ಅಡುಗೆಮನೆ ಇದ್ದ ಮನೆ. ಅವಳು ಒಳಗೆ ಹೋದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಬಂದಳು. “ಇಲ್ಲಿ ಉಸಿರು ಕಟ್ಟುತ್ತದೆ” ಎಂದಳು. ವ್ಯಾಪಾರಿ ಏಣಿ ತರಿಸಿ ಮೇಲೆ ಹತ್ತಿದ. ಹೊಗೆ ಹೋಗುವ ಕಿಂಡಿಯನ್ನು ಹೊರಗಿನಿಂದ ಹೆಂಚಿಟ್ಟು ಮುಚ್ಚಿದ್ದರು. ಅಲ್ಲಿಂದ ಮಳೆನೀರು ಸೋರಿ ಸುತ್ತಲಿನ ತೊಲೆಗಳು ಕೊಳೆತಿದ್ದವು. ಅವನು ಏಣಿಯಿಂದಿಳಿದು ಕೈ ಝಾಡಿಸಿಕೊಂಡು ಹೆಂಡತಿಯ ಕಡೆ ನೋಡಿದ. ಅವನ ಮುಖದಲ್ಲಿ ಹೆಮ್ಮೆ ಇತ್ತು. ಅವಳೂ ನಗಲು ನೋಡಿದಳು.

ಹೀಗೆ ಬೇಸಿಗೆ ಬಂತು. ಊರ ಕೊನೆಯಲ್ಲಿ ಒಬ್ಬ ಮುದುಕಿಯ ಮನೆ ಮಾರಾಟಕ್ಕಿದೆ ಎಂದು ಗೊತ್ತಾಯಿತು. ಗಂಡ ತೀರಿಹೋದ ಮೇಲೆ ಅವಳಿಗೆ ತಂಗಿಯ ಊರಿಗೆ ಹೋಗಿ ಇರುವ ಮನಸ್ಸಾಗಿತ್ತು. ಮನೆ ಚಿಕ್ಕದು. ಒಂದು ನಡುಮನೆ, ಒಂದು ಕೋಣೆ, ಹಿಂದೆ ಅಡುಗೆಮನೆ. ವ್ಯಾಪಾರಿ ನಡುಮನೆಯ, ಅಡುಗೆಮನೆಯ ಗೋಡೆಗಳನ್ನೆಲ್ಲ ಬಡಿದ. ಒಳ್ಳೆಯ ಕಂಚು ಮಾತಾಡಿದ ಹಾಗೆ ಗೋಡೆ ಮಾತಾಡಿತು. ನೀರು ಚೆಲ್ಲಿದ. ನೀರು ಚೆಲ್ಲಿದಲ್ಲೇ ನಿಂತಿತು. ಬಾಗಿಲು ಬಿಟ್ಟಲ್ಲಿಂದ ಕದಲಲಿಲ್ಲ. ಮುದುಕಿ ಒಂದೇ ಕಡೆ ನಿಲ್ಲದೆ ಮನೆ ತುಂಬ ಓಡಾಡುತ್ತಿದ್ದಳು. ಹೇಳಲು ಒಂದು ದೋಷವೂ ಇಲ್ಲದಿರುವುದು ಅವನಿಗೆ ಅದೇ ಮೊದಲು.

ಕೊನೆಗೆ ಕೋಣೆಯೊಳಕ್ಕೆ ಬಂದ. ಅಲ್ಲಿ ಅವನ ಹೆಂಡತಿ ಗೋಡೆಯ ಮೇಲೆ ಅಂಗೈ ಊರಿ ನಿಂತಿದ್ದಳು. ಪಕ್ಕದಲ್ಲಿ ಮುದುಕಿ ಖಾಲಿ ಚೆಂಬು ಹಿಡಿದು ನಿಂತಿದ್ದಳು. ಅವನನ್ನು ಕಂಡು ಹೆಂಡತಿ ಕೈ ತೆಗೆದಳು. ಕೈಯಿದ್ದ ಜಾಗದಲ್ಲಿ ಸುಣ್ಣದ ಮೇಲೆ ಒದ್ದೆಯ ಗುರುತು ಉಳಿಯಿತು. ವ್ಯಾಪಾರಿ ಅದನ್ನು ಮುಟ್ಟಿದ. ಪಸೆ ಇತ್ತು. ಹೊರಗೆ ಸುಡುವ ಬಿಸಿಲು. ಆ ಪಸೆ ತಣ್ಣಗಿತ್ತು.

“ಗೋಡೆ ಬೆವರುತ್ತಿದೆ” ಎಂದ.

ಮುದುಕಿ ಏನೋ ಹೇಳಲು ಬಾಯಿ ತೆರೆದಳು. ಅವನ ಹೆಂಡತಿ ಮುದುಕಿಯನ್ನು ನೋಡಿದಳು. ಮುದುಕಿ ಬಾಯಿ ಮುಚ್ಚಿದಳು. ವ್ಯಾಪಾರಿ ಅದನ್ನೂ ದೋಷ ಮುಚ್ಚಿಡುವ ಲಕ್ಷಣವೆಂದೇ ಎಣಿಸಿದ.

“ಸುಣ್ಣ ಹೊಸದಾಗಿರುವುದನ್ನು ಕಂಡಾಗಲೇ ಅಂದುಕೊಂಡೆ. ಈ ವಯಸ್ಸಿನಲ್ಲೂ ಹೀಗೆ ಮಾಡಬಹುದೆ, ಅಜ್ಜಿ?”

“ಹಬ್ಬಕ್ಕೆ ಬಳಿಸಿದ್ದಪ್ಪ” ಎಂದಳು ಮುದುಕಿ.

“ಹೋಗೋಣ ಬನ್ನಿ” ಎಂದಳು ಹೆಂಡತಿ. ಬಾಗಿಲವರೆಗೆ ಹೋಗಿ, ತಿರುಗಿ, ಆ ಕೋಣೆಯನ್ನು ಒಮ್ಮೆ ನೋಡಿದಳು.

ವ್ಯಾಪಾರಿ ಈ ಕತೆಯನ್ನೂ ಅಂಗಡಿಯಲ್ಲಿ ಹೇಳಿದ. ಕೇಳಿದವರು ಇನ್ನೊಬ್ಬರಿಗೆ ಹೇಳಿದರು. ಆ ಮನೆಗೆ ಬೆವರುವ ಗೋಡೆಯ ಮನೆ ಎಂದು ಹೆಸರು ಬಿತ್ತು. ಅದನ್ನು ನೋಡಲು ಆಮೇಲೆ ಯಾರೂ ಬರಲಿಲ್ಲ. ಮುದುಕಿ ತಂಗಿಯ ಊರಿಗೆ ಹೋಗುವುದೂ ಹಾಗೆಯೇ ನಿಂತಿತು.

“ಮಳೆಗಾಲ ಕಳೆಯಲಿ. ಮತ್ತೆ ನೋಡೋಣ” ಎಂದಳು ವ್ಯಾಪಾರಿಯ ಹೆಂಡತಿ. ಮಳೆ ಹಿಡಿಯುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ವೈದ್ಯರು ಬಂದು ನಾಡಿ ನೋಡಿದರು. “ಯಾವಾಗಿನಿಂದ ಹೀಗಿದೆ?” ಎಂದು ಗಂಡನನ್ನು ಕೇಳಿದರು. ಅವನು ಹೆಂಡತಿಯ ಮುಖ ನೋಡಿದ. “ಮೊನ್ನೆಯಿಂದ” ಎಂದ. ವೈದ್ಯರು ಅವಳ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲೆ ಇಳಿಸಿದರು.

ಅವಳು ಬಾಡಿಗೆ ಮನೆಯಲ್ಲೇ ತೀರಿಕೊಂಡಳು.

ಕರ್ಮಾಂತರಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಮನೆಯ ಯಜಮಾನ ಬಂದ. ಬಹಳ ಹೊತ್ತು ಕೂತಿದ್ದ. ಏಳುವಾಗ ಅವನ ಕಣ್ಣು ಕನ್ನಡಿಯ ಮೇಲೆ ಬಿತ್ತು. “ಬೇಕಾದರೆ ಗೋಡೆಗೆ ಒಂದು ಮೊಳೆ ಹೊಡೆದುಕೊಳ್ಳಿ” ಎಂದ. ವ್ಯಾಪಾರಿ ಆಗಲಿ ಎಂದ. ಹೊಡೆಯಲಿಲ್ಲ.

ಆಮೇಲೆ ಅವನು ಅಂಗಡಿಯಲ್ಲಿ ಕೂರುವುದು ಕಡಿಮೆಯಾಯಿತು. ಮನೆ ಕೊಳ್ಳುವವರು ಅವನನ್ನು ಕರೆಯುತ್ತಿದ್ದರು. ಅವನು ಇಲ್ಲವೆನ್ನದೆ ಹೋಗುತ್ತಿದ್ದ. ಕಂಡವರ ಗೋಡೆ ಬಡಿದು, ಕಂಡವರ ನೆಲಕ್ಕೆ ನೀರು ಚೆಲ್ಲಿ, ಕತ್ತಲಾಗುವವರೆಗೂ ಅವರಿವರ ಮನೆಯಲ್ಲಿ ಕಾಲ ಕಳೆಯುತ್ತಿದ್ದ. ಅವನು ಹೇಳಿದ ದೋಷ ಒಂದೂ ಸುಳ್ಳಾಗುತ್ತಿರಲಿಲ್ಲ. ಎಲ್ಲರೂ ಹೊಗಳುತ್ತಿದ್ದರು. ಹೊಗಳಿಕೆಯನ್ನು ತಂದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಬೀಗ ತೆಗೆದು ಒಳಗೆ ಬಂದರೆ ನೆಲದ ಮೇಲಿನ ಕನ್ನಡಿಯಲ್ಲಿ ಅವನ ಕಾಲು ಮಾತ್ರ ಕಾಣುತ್ತಿತ್ತು.

ಮರುವರ್ಷದ ಮಳೆಗಾಲದಲ್ಲಿ ಒಬ್ಬ ನೇಕಾರ ಅವನಲ್ಲಿಗೆ ಬಂದ. ಬೆವರುವ ಗೋಡೆಯ ಮನೆ ಅಗ್ಗಕ್ಕೆ ಸಿಗುತ್ತದೆ, ಆ ಗೋಡೆಯೊಂದನ್ನು ಕೆಡವಿ ಕಟ್ಟಿಸಿದರೆ ಸಾಕೇ, ಬಂದು ನೋಡಿ ಹೇಳಿ ಎಂದ. ಇಬ್ಬರೂ ಮಳೆಯಲ್ಲೇ ಹೋದರು. ಮುದುಕಿ ಬಾಗಿಲು ತೆಗೆದಳು. ವ್ಯಾಪಾರಿಯ ಗುರುತು ಹಿಡಿದಳು. ಅವನ ಹಿಂದೆ ಬೀದಿಯ ಕಡೆ ನೋಡಿದಳು.

“ಅವಳು ಬರಲಿಲ್ಲವೇನಪ್ಪಾ?”

ಅವನು ಹೇಳಿದ. ಮುದುಕಿ ಅವನ ಕೈ ಹಿಡಿದು ಕೋಣೆಗೆ ಕರೆದುಕೊಂಡು ಹೋದಳು.

“ಹಾಗಾದರೆ ಇನ್ನು ಹೇಳಬಹುದು. ಬಾ, ಆ ಗೋಡೆ ಮುಟ್ಟು.”

ವ್ಯಾಪಾರಿ ಮುಟ್ಟಿದ. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ಗೋಡೆ ಒಣಗಿತ್ತು. ಅವನು ಅಡಿಯಲ್ಲಿ ಮುಟ್ಟಿದ. ಕೈಗೆ ಎಟುಕುವಷ್ಟು ಮೇಲೆ ಮುಟ್ಟಿದ. ಮೂಲೆಯಿಂದ ಮೂಲೆಯವರೆಗೂ ಅಂಗೈ ಆಡಿಸಿದ. ಎಲ್ಲ ಕಡೆಯೂ ಒಣಗಿತ್ತು.

“ಗೋಡೆ ಯಾವತ್ತೂ ಬೆವರಿದ್ದಿಲ್ಲ” ಎಂದಳು ಮುದುಕಿ. “ಬೆವರಿದ್ದು ಅವಳ ಕೈ. ಸುಡುವ ಬೇಸಿಗೆಯಲ್ಲಿ ಗೋಡೆಗೆ ತಣ್ಣನೆಯ ಬೆವರು ಎಲ್ಲಿಂದ ಬರಬೇಕು? ನೀನು ನಡುಮನೆಯಲ್ಲಿ ಗೋಡೆ ಬಡಿಯುತ್ತಿದ್ದೆ. ಅವಳು ಇಲ್ಲಿ ಬೀಳುವುದರಲ್ಲಿದ್ದಳು. ನಾನು ಹಿಡಿದುಕೊಂಡು ನೀರು ಕೊಟ್ಟೆ. ಮನೆ ನಿಶ್ಚಯವಾಗುವ ತನಕ ಅವರಿಗೆ ಹೇಳಬೇಡಿ, ಹೇಳಿದರೆ ಹುಡುಕುವುದನ್ನೇ ಬಿಟ್ಟುಬಿಡುತ್ತಾರೆ ಎಂದಳು. ಈ ಮನೆ ಅವಳಿಗೆ ಒಪ್ಪಿಗೆಯಾಗಿತ್ತು. ಕನ್ನಡಿ ಇಲ್ಲಿ ಹಾಕುತ್ತೇನೆ ಅಂತ ಕೈಯಿಟ್ಟು ತೋರಿಸಿದಳು. ಅಷ್ಟರಲ್ಲಿ ನೀನು ಬಂದೆ.”

ವ್ಯಾಪಾರಿ ಬಹಳ ಹೊತ್ತು ಗೋಡೆಯಿಂದ ಕೈ ತೆಗೆಯಲಿಲ್ಲ.

“ಆವತ್ತೇ ನನಗೊಂದು ಮಾತು ಹೇಳಬಹುದಾಗಿತ್ತು ನೀವು” ಎಂದ.

“ನನ್ನನ್ನು ಕೇಳುತ್ತೀಯಾ? ನಾನು ಅವಳನ್ನು ನೋಡಿದ್ದು ಒಂದು ಗಳಿಗೆ. ಮನೆಯಲ್ಲಿ ಜೊತೆಗಿದ್ದವನು ನೀನು.”

ಮೊದಲ ಮನೆಯಲ್ಲಿ ಹೆಂಡತಿ ಹೊಸ್ತಿಲು ಎತ್ತರವಾಯಿತು ಎಂದದ್ದು ವ್ಯಾಪಾರಿಗೆ ನೆನಪಾಯಿತು. ಒಳಗೆ ಹೋಗುವಾಗ ಅದೇ ಹೊಸ್ತಿಲನ್ನು ಅವಳು ಸಲೀಸಾಗಿ ದಾಟಿದ್ದಳು. ಬಾವಿಯ ಕಟ್ಟೆಯ ಮೇಲೆ ಕೂತು ನನ್ನಿಂದಾಗುವುದಿಲ್ಲ ಎಂದದ್ದು ನೆನಪಾಯಿತು. ದೊಡ್ಡ ಅಡುಗೆಮನೆಯಿಂದ ಉಸಿರು ಕಟ್ಟುತ್ತದೆ ಎಂದು ಹೊರಬಂದದ್ದು ನೆನಪಾಯಿತು. ಆ ದಿನ ಆ ಮನೆಯ ಒಲೆಯಲ್ಲಿ ಬೆಂಕಿಯೇ ಇರಲಿಲ್ಲ. ಅವಳು ಪ್ರತಿ ಸಲವೂ ಬಾಯಿಬಿಟ್ಟು ಹೇಳಿದ್ದಳು. ಅವನು ಪ್ರತಿ ಸಲವೂ ಬಗ್ಗಿ ಮನೆಯನ್ನು ನೋಡಿದ್ದ. ನೋಡಿದಾಗಲೆಲ್ಲ ಅಲ್ಲಿ ಏನೋ ಒಂದು ದೋಷ ಸಿಕ್ಕಿತ್ತು.

ಕೋಣೆಯಿಂದ ಹೊರಗೆ ಬಂದು ವ್ಯಾಪಾರಿ ನೇಕಾರನಿಗೆ ಹೇಳಿದ. “ಈ ಮನೆಯಲ್ಲಿ ದೋಷವಿಲ್ಲ. ಅಗ್ಗಕ್ಕೆ ಕೇಳಬೇಡ. ಸರಿಯಾದ ಬೆಲೆ ಕೊಟ್ಟು ತೆಗೆದುಕೋ.” ಪೇಟೆಯಲ್ಲೂ ಹಾಗೆಯೇ ಹೇಳಿದ. ಮೊದಲ ಕತೆಯನ್ನು ಯಾರ್‍ಯಾರಿಗೆ ಹೇಳಿದ್ದನೋ ಅವರ ಮನೆ ಬಾಗಿಲಿಗೇ ಹೋಗಿ ಹೇಳಿದ. ಮುದುಕಿ ತಂಗಿಯ ಊರಿಗೆ ಹೊರಟಳು.

ಗೃಹಪ್ರವೇಶದ ದಿನ ನೇಕಾರನ ಮನೆಗೆ ವ್ಯಾಪಾರಿಯೂ ಬಂದ. ಕಂಕುಳಲ್ಲಿ ಕನ್ನಡಿ ಇತ್ತು. ಹಾಲು ಉಕ್ಕಿಸಿ ಎಲ್ಲರೂ ಊಟಕ್ಕೆ ಏಳುವವರೆಗೂ ಒಂದು ಮೂಲೆಯಲ್ಲಿ ಕೂತಿದ್ದ. ಆಮೇಲೆ ನೇಕಾರನ ಹೆಂಡತಿಯ ಬಳಿ ಬಂದು ನಿಂತ.

“ತಾಯಿ, ಅಪ್ಪಣೆಯಾದರೆ ಆ ಕೋಣೆಯ ಗೋಡೆಗೆ ಒಂದು ಮೊಳೆ ಹೊಡೆಯುತ್ತೇನೆ.”

ಅವಳು ಯಾಕೆ ಎಂದು ಕೇಳದೆ ಒಪ್ಪಿದಳು. ಅವನು ಮೊಳೆ ಹೊಡೆದು ಕನ್ನಡಿ ತೂಗುಹಾಕಿದ. ಅದರ ಮುಂದೆ ನಿಂತ. ಅದರಲ್ಲಿ ಅವನೊಬ್ಬನೇ ಕಂಡ. ಕನ್ನಡಿಯನ್ನು ಅಲ್ಲೇ ಬಿಟ್ಟು ಊಟ ಮಾಡದೆ ತನ್ನ ಬಾಡಿಗೆ ಮನೆಗೆ ಹೋದ. ಆಮೇಲೆ ಮನೆ ನೋಡಿಕೊಡಿ ಎಂದು ಯಾರಾದರೂ ಕರೆದರೆ, ನನಗೆ ನೋಡಲು ಬರುವುದಿಲ್ಲ ಎನ್ನುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಹಾಲಪ್ಪ ಕಣ್ಣೊರೆಸಿಕೊಂಡ. “ಪಾಪ. ಅವನಿಗೆ ತಿಳಿಯಬೇಕಿತ್ತು” ಎಂದ. ಸ್ವಲ್ಪ ಯೋಚಿಸಿ ತಲೆದೂಗಿದ. “ನೀವು ಹೇಳಿದ್ದು ಒಳ್ಳೆಯದಾಯಿತು ಗುರುಗಳೇ. ಗೋಡೆಯನ್ನು ಬೇಸಿಗೆಯಲ್ಲಿ ಮುಟ್ಟಿ ನೋಡಿದರೆ ಸಾಲದು, ಮಳೆಗಾಲದಲ್ಲೂ ಮುಟ್ಟಬೇಕು. ಆ ಚಾಪೆ ಎತ್ತಿ ನೋಡುವುದನ್ನೂ ಮರೆಯುವುದಿಲ್ಲ.”

ಅವನು ನಮಸ್ಕಾರ ಮಾಡಿ ಎದ್ದ.

“ನೀಲಮ್ಮನಿಗೂ ಈ ಕತೆ ಹೇಳುತ್ತೇನೆ. ಕೆಳಗೆ ಕಾಯುತ್ತಿದ್ದಾಳೆ. ಬರುವ ಹುಣ್ಣಿಮೆಗೂ ಮೆಟ್ಟಿಲು ಜಾಸ್ತಿಯಾದವು ಎಂದರೆ ನಾನು ಕೇಳುವವನಲ್ಲ. ಎಳೆದುಕೊಂಡೇ ಬರುತ್ತೇನೆ.”

ಗುರುಗಳು ಅವನನ್ನು ಕಳಿಸಲು ಬಾಗಿಲವರೆಗೆ ಬಂದರು. ಅಲ್ಲಿಂದ ಗುಡ್ಡದ ಬುಡ ಕಾಣುತ್ತಿತ್ತು. ಅರಳಿಕಟ್ಟೆಯ ಮೇಲೆ ಒಬ್ಬಳು ಮರಕ್ಕೆ ಒರಗಿ ಕೂತಿದ್ದಳು.

“ಹಾಲಪ್ಪ, ಈ ಗುಡ್ಡದ ಮೆಟ್ಟಿಲು ಮೊದಲು ಎಷ್ಟಿದ್ದವೋ ಈಗಲೂ ಅಷ್ಟೇ ಇವೆ” ಎಂದರು ಗುರುಗಳು.